ಸ್ತೂಪಕ್ಕೆ ಇಟ್ಟ ಬಾಗಿಲು

ಪೂಜ್ಯ ಭದಂತ ಸುಮೇಧಪಾಲರು ಭೀಮಾ ದಂಡೆಯ ಆ ಹಳ್ಳಿಗೆ ದಯಮಾಡಿಸಿದಾಗ ಅವರಿಗೆ ದೊರೆತ ವಿಹಾರವೆಂದರೆ ಸುಣ್ಣದ ಗುಂಡಿಯ ಪಕ್ಕದ ಒಂದು ತಗಡಿನ ಚಪ್ಪರ. ಬೇಸಿಗೆಯಲ್ಲಿ ಅದರಡಿ ಕುಳಿತವರು ಹಂಚಿನ ಮೇಲಿನ ರೊಟ್ಟಿಯಂತೆ ಬೇಯಬೇಕು. ಪೂಜ್ಯರು ಒಂದು ದಿನವೂ ಅದರ ಮಾತೆತ್ತಿದವರಲ್ಲ. ಬೆಳಿಗ್ಗೆ ಭಿಕ್ಷೆಗೆ ಹೋಗಿಬಂದು, ಮಧ್ಯಾಹ್ನದ ಮೇಲೆ ಕೆಲಸಗಾರರ ನಡುವೆ ಕುಳಿತು ಮರಳು ಸೋಸುತ್ತಿದ್ದರು. ಹೊಸದಾಗಿ ಬುದ್ಧನಿಗೆ ಶರಣು ಹೋಗಿದ್ದ ಕೇರಿಯ ಮೂವತ್ತು ಮನೆಯವರು ಅಲ್ಲಿ ಒಂದು ಸ್ತೂಪ ಕಟ್ಟುವ ಸಂಕಲ್ಪ ಮಾಡಿದ್ದರು.

ಕೆಲಸ ವಹಿಸಿಕೊಂಡವನು ಅದೇ ಕೇರಿಯ ಧೂಳಪ್ಪ ಗೌಂಡಿ. ಗೋಡೆ ಎಬ್ಬಿಸುವುದರಲ್ಲಿ ಎತ್ತಿದ ಕೈ, ಸಿಟ್ಟಿನಲ್ಲೂ ಅಷ್ಟೇ. ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸ ಮಾತ್ರ ಅವನಿಗೆ ಇರಲಿಲ್ಲ. ಸ್ತೂಪವನ್ನು ಅವನು ಕಣ್ಣಿಂದ ಕಂಡವನೇ ಅಲ್ಲ. ನಕ್ಷೆ ಕೊಡಿರಿ ಎಂದು ಕೇಳಿದಾಗ ಪೂಜ್ಯರು ತಮ್ಮ ಮೇಲಿನ ಚೀವರವನ್ನು ಚೌಕವಾಗಿ ಮಡಿಚಿ ನೆಲದ ಮೇಲಿಟ್ಟರು. ಅದರ ಮೇಲೆ ಭಿಕ್ಷಾಪಾತ್ರೆಯನ್ನು ಬೋರಲು ಹಾಕಿದರು. ಪಾತ್ರೆಯ ನೆತ್ತಿಯ ಮೇಲೆ ಊರುಗೋಲನ್ನು ನೆಟ್ಟಗೆ ಹಿಡಿದು, "ಇಷ್ಟೇ" ಎಂದರು.

ಭಗವಾನ್ ಬುದ್ಧರು ತಮ್ಮ ಮೊದಲ ಉಪಾಸಕರಿಗೆ ಸ್ತೂಪದ ರೂಪವನ್ನು ಹೀಗೆಯೇ ತೋರಿಸಿದರೆಂದು ಹಿರಿಯರು ಹೇಳುತ್ತಾರೆ. ಮಡಿಚಿದ ಬಟ್ಟೆಯೇ ಕೆಳಗಿನ ಪೀಠ, ಬೋರಲು ಪಾತ್ರೆಯೇ ಗುಂಡನೆಯ ಅಂಡ, ಕೋಲೇ ಛತ್ರ ಹೊತ್ತ ಕಂಬ. ಸಂಪತ್ತನ್ನೆಲ್ಲ ಬಿಟ್ಟವನ ಬಳಿ ಉಳಿದ ಮೂರು ವಸ್ತುಗಳೇ ಕಲ್ಲಾಗಿ ನಿಲ್ಲುತ್ತವೆ. ಜಗತ್ತಿನ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಇಷ್ಟು ಬಡ ನಕ್ಷೆಯಿಂದ ಎದ್ದದ್ದು ಇನ್ನೊಂದಿದೆಯೋ ಇಲ್ಲವೋ, ನಾನಂತೂ ಕಾಣೆ. ಧೂಳಪ್ಪ ದಾರ ಹಿಡಿದು ಪಾತ್ರೆಯ ಸುತ್ತಳತೆ ತೆಗೆದುಕೊಂಡ. "ಗೊತ್ತಾತ್ರಿ ಭಂತೇಜಿ" ಎಂದ. ಗೊತ್ತಾಗಿರಲಿಲ್ಲ.

ಪೂಜ್ಯರು ಧರ್ಮೋಪದೇಶಕ್ಕೆಂದು ಸುತ್ತಲಿನ ಊರುಗಳಿಗೆ ಹೋಗಿ, ಇಪ್ಪತ್ತು ದಿನಗಳ ಮೇಲೆ ಮರಳಿದರು. ಅಂಡ ಮುಕ್ಕಾಲು ಎದ್ದಿತ್ತು. ಪೂರ್ವ ದಿಕ್ಕಿನಲ್ಲಿ ಮಾತ್ರ ಆಳೆತ್ತರದ ಒಂದು ಬಾಗಿಲು. ಕಲ್ಲು ಗಾರೆ ತುಂಬಿ ಗಟ್ಟಿ ಮಾಡಬೇಕಾಗಿದ್ದ ಒಡಲೊಳಗೆ ಧೂಳಪ್ಪ ನಾಲ್ಕು ಜನ ನಿಲ್ಲುವಷ್ಟು ಕೋಣೆ ಬಿಟ್ಟಿದ್ದ. ಸಾಗುವಾನಿಯ ಚೌಕಟ್ಟು ಕೂರಿಸಿ, ಕದಕ್ಕೆ ಹಿತ್ತಾಳೆಯ ಚಿಲಕ ಜಡಿದು, ಪೂಜ್ಯರ ಮುಖವನ್ನೇ ನೋಡುತ್ತ ನಿಂತಿದ್ದ.

"ಹೆಂಗದರಿ ಭಂತೇಜಿ? ನಮ್ಮವ್ವ ನಲವತ್ತು ವರ್ಷ ಹನುಮಪ್ಪನ ಗುಡಿ ಹೊರಗ ನಿಂತಾಳ್ರಿ. ಟೆಂಗಿನಕಾಯಿ ದೂರ ಇಟ್ಟು ಸರಿದು ನಿಲ್ಲಬೇಕು. ಒಡೆದ ಹೋಳು ಮ್ಯಾಲಿಂದ ಸೆರಗಿನಾಗ ಬೀಳಬೇಕು. ಈ ಬುದ್ಧ ಹುಣ್ಣಿವಿಗೆ ಆಕೀನ ಕೈ ಹಿಡಿದು ಇದರೊಳಗ ಕರಕೊಂಡು ಹೋಗಾಂವ ನಾನು."

ಆ ತಾಯಿ ತಿಪ್ಪವ್ವನಿಗೆ ಎಪ್ಪತ್ತು ದಾಟಿತ್ತು, ಉಬ್ಬಸ ಬೇರೆ. ಮುಂದಿನ ವರ್ಷದ ಹುಣ್ಣಿಮೆಯನ್ನು ಆಕೆ ಕಾಣುವುದು ಅನುಮಾನವೆಂದು ಕೇರಿಗೆಲ್ಲ ಗೊತ್ತಿತ್ತು.

"ಸ್ತೂಪಕ್ಕೆ ಒಳಗು ಎಂಬುದಿಲ್ಲ, ಧೂಳಪ್ಪನವರೆ" ಎಂದರು ಪೂಜ್ಯರು.

ಧೂಳಪ್ಪನ ಮುಖ ಕಪ್ಪಿಟ್ಟಿತು. "ಅಂದ್ರ ಇಲ್ಲೀನೂ ನಮಗ ಒಳಗ ಜಾಗಾ ಇಲ್ಲೇನ್ರಿ?"

"ನನಗೂ ಇಲ್ಲ."

ಈ ಮಾತು ಅವನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಪೂಜ್ಯರು ಕದವನ್ನು ಮೆಲ್ಲಗೆ ಮುಚ್ಚಿ ಚಿಲಕವನ್ನು ನೋಡಿದರು. "ಇದಕ್ಕೆ ಕೀಲಿ ಹಾಕುತ್ತೀರಾ?"

"ಹಾಕಬೇಕಲ್ರಿ ಮತ್ತ."

"ಕೀಲಿಕೈ ಯಾರ ಬಳಿ ಇರುತ್ತದೆ?"

"ನನ್ನ ಹತ್ರ." ಉತ್ತರ ಥಟ್ಟನೆ ಬಂತು. ಅದರ ಬೆನ್ನಿಗೇ, ಎಷ್ಟೋ ವರ್ಷ ಒಳಗೆ ಅದುಮಿಟ್ಟದ್ದೂ ಬಂದುಬಿಟ್ಟಿತು. "ಆ ಪೂಜಾರಿ ಗುಂಡಪ್ಪ ಒಂದಿನ ಬಂದು ಇದರ ಹೊರಗ ನಿಂದ್ರಬೇಕ್ರಿ. ನಮ್ಮವ್ವ ನಿಂತಂಗ ನಿಂದ್ರಬೇಕು. ನಾ ಕೀಲಿ ತಗೀಬಾರದು."

ಪೂಜ್ಯರು ಕದ ಕೀಳೆಂದು ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ಹೋಗಿ ಮರಳು ಸೋಸಲು ಕುಳಿತರು. ಬೈದಿದ್ದರೆ ಧೂಳಪ್ಪ ತಿರುಗಿ ಬೈದು ಹಗುರಾಗುತ್ತಿದ್ದ. ಈಗ ತಾನಾಡಿದ ಮಾತು ತನ್ನ ಜೊತೆಗೇ ಉಳಿಯಿತು. ಕರಣಿಯನ್ನು ಗಾರೆಯ ಬುಟ್ಟಿಗೆ ಎಸೆದು ಮನೆಗೆ ನಡೆದ.

ಮೂರು ದಿನ ಅವನು ಬರಲಿಲ್ಲ. ಬೇರೆ ಗೌಂಡಿಯನ್ನು ಕರೆಸೋಣವೆಂದು ಕೇರಿಯ ಹಿರಿಯರು ಕೇಳಿದರೆ ಪೂಜ್ಯರು ಬೇಡವೆಂದರು. ನಾಲ್ಕನೆಯ ಬೆಳಿಗ್ಗೆ ಭಿಕ್ಷೆ ಮುಗಿಸಿ ಬರುವಷ್ಟರಲ್ಲಿ ಚೌಕಟ್ಟು ಹೊರಗೆ ಬಿದ್ದಿತ್ತು. ಧೂಳಪ್ಪ ಒಬ್ಬನೇ ಕೋಣೆಯೊಳಗೆ ಕಲ್ಲು ತುಂಬುತ್ತಿದ್ದ. ಅವನ ಕಣ್ಣು ಕೆಂಪಾಗಿತ್ತು. ಅದು ಸುಣ್ಣದಿಂದಲ್ಲ.

"ಅವ್ವಗ ಏನ್ ಹೇಳಲ್ರಿ?" ಎಂದ, ತಿರುಗಿ ನೋಡದೆ. "ಬಾಗಲಾ ಇಡ್ತೀನಿ ಅಂತ ಮಾತು ಕೊಟ್ಟೀನಿ."

"ಏನೂ ಹೇಳಬೇಡಿ. ಕರೆತನ್ನಿ."

ಹುಣ್ಣಿಮೆಯ ದಿನ ಅವನು ತಾಯಿಯನ್ನು ಕರೆತಂದ. ಸ್ತೂಪ ಬೆಳ್ಳಗೆ ಸುಣ್ಣ ಹೊಡೆಸಿಕೊಂಡು ನಿಂತಿತ್ತು. ತಿಪ್ಪವ್ವ ಇಪ್ಪತ್ತು ಹೆಜ್ಜೆ ಈಚೆಗೇ ನಿಂತುಬಿಟ್ಟಳು. ಯಾರೂ ತಡೆದಿರಲಿಲ್ಲ, ಕಾಲುಗಳೇ ನಿಂತವು. ಸೆರಗು ಒಡ್ಡಿಕೊಂಡು ಅತ್ತ ಇತ್ತ ನೋಡಿ, ಪೂಜ್ಯರನ್ನು ಕಂಡು ಕೇಳಿದಳು: "ಯಪ್ಪಾ, ನಾ ಎಲ್ಲೀತನಕ ಬರಬೇಕ್ರಿ?"

ನೆರೆದವರೆಲ್ಲ ತಲೆ ತಗ್ಗಿಸಿದರು. ಈ ಪ್ರಸಂಗ ಬರೆಯುವಾಗ ನನಗೂ ಈ ಸಾಲು ದಾಟುವುದು ಕಷ್ಟವಾಯಿತು.

"ಕೈ ತಗಲುವ ತನಕ ಬನ್ನಿ, ತಾಯಿ" ಎಂದರು ಪೂಜ್ಯರು.

ಆಕೆ ಬಂದಳು. ಮೊದಲು ಎರಡು ಬೆರಳು ತಾಗಿಸಿ ಥಟ್ಟನೆ ಹಿಂದೆಗೆದಳು. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಅಂಗೈ ಇಟ್ಟಳು. ಪೂಜ್ಯರು ತೋರಿಸಿದಂತೆ ಸ್ತೂಪವನ್ನು ಬಲಕ್ಕೆ ಇಟ್ಟುಕೊಂಡು, ಬಲಗೈಯನ್ನು ಗೋಡೆಯಿಂದ ತೆಗೆಯದೆ ನಡೆಯತೊಡಗಿದಳು. ಒಂದು ಸುತ್ತು ಮುಗಿದ ಮೇಲೆ ಮಗನ ಕಡೆ ನೋಡಿ ಹೇಳಿದಳು, "ಇದಕ್ಕ ಎಲ್ಲಾ ಕಡೀನೂ ಮುಂದೇ ಅದ ನೋಡಪ್ಪಾ. ಹಿಂದ ನಿಲ್ಲೋದೇ ಇಲ್ಲ." ಮತ್ತೆ ನಡೆದಳು.

ಪೂಜ್ಯರು ಹೇಳಿದ್ದ "ನನಗೂ ಇಲ್ಲ" ಎಂಬ ಮಾತಿನ ಅರ್ಥ ಧೂಳಪ್ಪನಿಗೆ ಆಗಿದ್ದು ಆ ಗಳಿಗೆಯಲ್ಲಿ. ಒಳಗು ಇಲ್ಲದ ಕಡೆ ಹೊರಗಿನವರು ಯಾರು?

ಆಗಲೇ ಅವನ ಕಣ್ಣು ದಾರಿಯ ಆಚೆಗೆ ಹೋಯಿತು. ಪೂಜಾರಿ ಗುಂಡಪ್ಪ ಜಾಲಿಯ ನೆರಳಲ್ಲಿ ಕೋಲೂರಿ ನಿಂತಿದ್ದರು. ಅವರಿಗೂ ವಯಸ್ಸಾಗಿತ್ತು. ಏನು ಕಟ್ಟಿದ್ದಾರೆಂದು ನೋಡುವ ಆಸೆ, ಬಂದರೆ ಏನಂದಾರೋ ಎಂಬ ಅಳುಕು. ಧೂಳಪ್ಪ ಅತ್ತ ಹೆಜ್ಜೆ ಹಾಕಿದ್ದನ್ನು ನೋಡಿ ಕೇರಿಯವರು ಉಸಿರು ಬಿಗಿಹಿಡಿದರು. ಪೂಜ್ಯರು ಕುಳಿತಲ್ಲಿಂದ ಏಳಲಿಲ್ಲ.

"ಗುಂಡಪ್ನೋರ, ಅಲ್ಲ್ಯಾಕ ನಿಂತೀರಿ?" ಎಂದ ಧೂಳಪ್ಪ. "ಬರ್ರಿ. ಕೈ ತಗಲೂ ತನಕ ಬರ್ರಿ."

ಗುಂಡಪ್ಪ ಬಂದರೋ, ಹಾಗೆಯೇ ಮರಳಿದರೋ, ಹೇಳುವವರಲ್ಲಿ ಎರಡು ಮಾತಿದೆ. ಧೂಳಪ್ಪ ಕರೆದದ್ದನ್ನು ಮಾತ್ರ ಅಲ್ಲಿದ್ದವರೆಲ್ಲ ಕೇಳಿದರು. ತಿಪ್ಪವ್ವ ಒಬ್ಬಳು ಕೇಳಲಿಲ್ಲ. ಆಕೆ ಸ್ತೂಪದ ಆಚೆ ಬದಿಯಲ್ಲಿ, ಗೋಡೆಯ ಮೇಲೆ ಕೈಯಿಟ್ಟು, ಮೂರನೆಯ ಸುತ್ತಿನಲ್ಲಿದ್ದಳು.