ಒಂದು ನಿಮಿಷದ ಮೌನ

ಭಾನುಮತಿ ಕೇಳಿದಳು: "ಮೇಷ್ಟ್ರೇ, ಎರಡು ವರ್ಷದಿಂದ ನಿಮ್ಮ ಹಿಂದೆ ಟ್ರೈಪಾಡ್ ಹೊತ್ತು ತಿರುಗಿದ್ದೇನೆ. ನಲವತ್ತು ಮದುವೆ, ಹತ್ತೊಂಬತ್ತು ನಾಮಕರಣ ಆಯಿತು. ನಾಳೆಯ ಕೆಲಸಕ್ಕೆ ನಾನೊಬ್ಬಳೇ ಹೋಗುತ್ತೇನೆ ಅಂದರೆ ಅನುಭವ ಸಾಲದು ಅನ್ನುತ್ತೀರಿ. ಇನ್ನೆಷ್ಟಾದರೆ ಅನುಭವ?"

ಹಾಲಪ್ಪ ಮೇಷ್ಟ್ರು ವಿಡಿಯೋ ಕೆಲಸ ಕಲಿಸುವವರು. ಸ್ಟುಡಿಯೋದ ಒಳಕೋಣೆಯಲ್ಲಿ ಅವರಿಬ್ಬರೇ ಇದ್ದರು. ಶಿಷ್ಯೆಯ ಕೊರಳಲ್ಲಿ ತೂಗುತ್ತಿದ್ದ ಹೆಡ್‌ಫೋನನ್ನು ಒಮ್ಮೆ ನೋಡಿ ಮೇಷ್ಟ್ರು ಕತೆ ತೆಗೆದರು. ಊರಿನ ಹೆಸರು ಮಾತ್ರ ಹೇಳುವುದಿಲ್ಲ ಎಂದರು. ಹೇಳಿದರೆ ನೀನು ಹೋಗಿ ವಿಚಾರಿಸಿಕೊಂಡು ಬರುವವಳು, ಆಮೇಲೆ ನನ್ನ ಮಾನ ಉಳಿಯುವುದಿಲ್ಲ.

ಒಂದೂರಲ್ಲಿ ಒಬ್ಬ ವಿಡಿಯೋದವನಿದ್ದ. ಅವನ ಬಳಿ ಒಬ್ಬ ಹೊಸಬ ಕೆಲಸಕ್ಕೆ ಸೇರಿದ. ವಿಡಿಯೋದವನದು ಒಂದು ಪದ್ಧತಿ. ಯಾರ ಮನೆಯಲ್ಲಿ ಶೂಟಿಂಗ್ ಮಾಡಿದರೂ ಕೊನೆಗೆ ಎಲ್ಲರನ್ನೂ ಸುಮ್ಮನಿರಿಸಿ, ಆ ಮನೆಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿಸುವನು. ಮಾತಿನ ನಡುವೆ ಕತ್ತರಿ ಹಾಕಿದ ಕಡೆಯೆಲ್ಲ ಅದೇ ಮನೆಯ ಮೌನದಿಂದ ತೇಪೆ ಹಚ್ಚಬೇಕು. ಇಲ್ಲದಿದ್ದರೆ ಕೇಳುವವರ ಕಿವಿ ಆ ತೂತಿನಲ್ಲಿ ಎಡವುತ್ತದೆ.

ಮೌನ ಹಿಡಿಯುವ ಕೆಲಸ ಹೊಸಬನದು. ಅವನಿಗೆ ಅದೊಂದು ಶಿಕ್ಷೆ. ಮಾತಾದರೆ ಊರಿಗೊಂದು ಥರ. ಸುಮ್ಮನಿರುವುದು ಎಲ್ಲಿ ಹೋದರೂ ಸುಮ್ಮನಿರುವುದೇ ತಾನೆ ಎಂದು ಅವನ ವಾದ. ಹೆಡ್‌ಫೋನನ್ನು ಕೊರಳಿಗಿಳಿಸಿ, ಮೈಕು ಹಿಡಿದು, ಗಡಿಯಾರದ ಮುಳ್ಳು ನೋಡುತ್ತ ನಿಲ್ಲುವನು.

ಹೀಗೆಯೇ ಒಂದು ಮಧ್ಯಾಹ್ನ ಒಬ್ಬ ವ್ಯಾಪಾರಿಯ ಮನೆಯಲ್ಲಿ ನಿಂತ. ಫ್ಯಾನು ನಿಲ್ಲಿಸಿದರು. ವ್ಯಾಪಾರಿ ಸುಮ್ಮನಾದ, ಅವನ ಹೆಂಡತಿಯೂ ಸುಮ್ಮನಾದಳು. ಪರದೆಯ ಆಚೆ ಮಂಚದ ಮೇಲೆ ವ್ಯಾಪಾರಿಯ ಮುದಿತಂದೆ ಮಲಗಿದ್ದ. ಒಂದು ನಿಮಿಷ ಆಯಿತು.

ಮೇಷ್ಟ್ರು ಇಲ್ಲಿ ನಿಲ್ಲಿಸಿ, ಅಡಿಕೆಯ ಹೋಳೊಂದನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂತರು. ಆಮೇಲೆ ಮುಂದುವರಿಸಿದರು.

ಕಾಫಿ ಕುಡಿದು ವೈರು ಸುತ್ತುವಷ್ಟರಲ್ಲಿ ಮೂರು ಗಂಟೆ. ಮಾವನಿಗೆ ಗಂಜಿ ಕುಡಿಸಲು ಹೋದ ವ್ಯಾಪಾರಿಯ ಹೆಂಡತಿ ಒಳಗಿಂದ ಕೂಗಿಕೊಂಡಳು. ಮುದುಕ ಹೋಗಿಬಿಟ್ಟಿದ್ದ. ಪುರೋಹಿತರು ಬಂದು ಮೊದಲು ಕೇಳಿದ್ದೇ ಗಳಿಗೆ. ಎರಡೂವರೆಗೆ ನಕ್ಷತ್ರ ಬದಲಾಗಿದೆ. ಅದಕ್ಕೆ ಮುಂಚೆ ಜೀವ ಹೋಗಿದ್ದರೆ ಚಿಂತೆಯಿಲ್ಲ, ಆಮೇಲೆ ಹೋಗಿದ್ದರೆ ಆರು ತಿಂಗಳು ಮನೆಗೆ ಬೀಗ ಹಾಕಬೇಕು ಎಂದರು. ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಹೊಸಬನನ್ನೂ ಕೇಳಿದರು. ನಾನು ಪರದೆಯ ಈಚೆಗಿದ್ದೆ, ನನಗೇನು ಗೊತ್ತು ಎಂದ. ಯಾತಕ್ಕೂ ಇರಲಿ ಎಂದು ವ್ಯಾಪಾರಿ ಬೀಗ ಹಾಕಿ, ಹೆಂಡತಿ ಮಕ್ಕಳೊಂದಿಗೆ ಊರಾಚೆಯ ಗೋದಾಮು ಸೇರಿದ.

ತಿಂಗಳಾಯಿತು. ತನಗೊಂದು ಕೆಲಸ ಒಪ್ಪಿಸಿ ಎಂದು ಹೊಸಬ ಹಟ ಹಿಡಿದ. ಕಣ್ಣು ಕಾಣದ ಒಬ್ಬ ಅಜ್ಜಿಯ ಸೋಬಾನೆ ಪದಗಳನ್ನು ಹಿಡಿದು ತಾ ಎಂದು ವಿಡಿಯೋದವನು ಕಳಿಸಿದ. ಅಜ್ಜಿ ಒಪ್ಪಿದರೆ ಕ್ಯಾಮೆರಾ ನಿನ್ನ ಕೈಗೆ, ಒಪ್ಪದಿದ್ದರೆ ನಿನಗೆ ಈ ಕಸುಬೇ ಬೇಡ. ಹೊಸಬ ಹಾಡು ಹಿಡಿದ. ಮೌನ ಹಿಡಿಯಲಿಲ್ಲ, ಹಳೆಯದು ಇತ್ತಲ್ಲ. ಹಾಡು ಹಾಡಿನ ನಡುವೆ ಅಜ್ಜಿಯ ಅಂಗಳ, ಕೋಳಿ, ಒಲೆ ತೋರಿಸಿ, ಅದರಡಿಗೆ ವ್ಯಾಪಾರಿಯ ಮನೆಯ ಆ ಒಂದು ನಿಮಿಷವನ್ನೇ ಹಾಸಿದ. ತಂದು ಅಜ್ಜಿಯ ಮುಂದೆ ಹಾಕಿದ.

ಮೊದಲ ಹಾಡು ಮುಗಿಯಿತು. ತಲೆದೂಗುತ್ತಿದ್ದ ಅಜ್ಜಿ ಕೈಯೆತ್ತಿದಳು. "ಯಾರಪ್ಪ ಇಲ್ಲಿ ಮಲಗಿರೋದು?"

ಯಾರೂ ಇಲ್ಲಜ್ಜಿ, ನಾವಿಬ್ಬರೇ ಎಂದ ಹೊಸಬ. ಅಜ್ಜಿ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೇಷ್ಟ್ರು ಮತ್ತೆ ನಿಲ್ಲಿಸಿದರು. ಭಾನುಮತಿ ಕುರ್ಚಿಯನ್ನು ಸದ್ದಾಗುವಂತೆ ಮುಂದಕ್ಕೆಳೆದುಕೊಂಡು, "ಆಮೇಲೆ?" ಎಂದಳು.

ಎರಡನೆಯ ಹಾಡು ಮುಗಿದಾಗ ಅಜ್ಜಿ ಕೈಮುಗಿದು, ಪಾಪ, ಮತ್ತೆ ಹೋದ ಎಂದಳು. ಮೂರನೆಯದು ಮುಗಿದಾಗ ಬಾಯಿಗೆ ಸೆರಗು ಹಿಡಿದಳು.

"ನಿಲ್ಸಪ್ಪ. ಅವನನ್ನ ಇನ್ನೆಷ್ಟು ಸಲ ಸಾಯಿಸ್ತೀಯ?"

ಹೊಸಬ ಅಲ್ಲೇ ಕೂತು, ಮೊದಲ ಬಾರಿಗೆ, ಹೆಡ್‌ಫೋನನ್ನು ಕೊರಳಿನಿಂದ ಕಿವಿಗೆ ಏರಿಸಿದ. ಎಲ್ಲೋ ದೂರ, ಪರದೆಯ ಆಚೆ, ಒಂದು ಉಸಿರು ಎಳೆಯುತ್ತಿತ್ತು. ಮೂವತ್ತೊಂದನೆಯ ಸೆಕೆಂಡಿಗೆ ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಮತ್ತೆ ಮೊದಲಿಂದ ಹಾಕಿದ. ಮತ್ತೆ ಒಳಗೆ ಹೋಯಿತು, ಮತ್ತೆ ಬರಲಿಲ್ಲ. ರೆಕಾರ್ಡ್ ಮಾಡಿದ ಹೊತ್ತು ಫೈಲಿನ ಮೇಲೇ ಇತ್ತು: ಎರಡು ಗಂಟೆ ಹನ್ನೆರಡು ನಿಮಿಷ. ವ್ಯಾಪಾರಿಯ ಮನೆಗೆ ಇನ್ನೂ ಬೀಗ ಬಿದ್ದೇ ಇತ್ತು.

ಮೇಷ್ಟ್ರು ಬಾಯಿ ಮುಚ್ಚಿದರು. ಈ ಸಲ ಬಹಳ ಹೊತ್ತು.

ಭಾನುಮತಿಗೆ ನಗು ಬಂತು. "ಇದು ನಡೆದದ್ದೋ ಮೇಷ್ಟ್ರೇ, ನನ್ನನ್ನು ನಾಳೆ ಕಳಿಸದಿರಲಿಕ್ಕೆ ನೀವು ಕಟ್ಟಿದ್ದೋ?"

"ಕಟ್ಟಿದ್ದು ಅಂತಲೇ ಇಟ್ಟುಕೋ, ನಾಳೆ ನೀನೇ ಹೋಗು, ಆದರೆ ನಾನು ಮೂರು ಸಲ ಸುಮ್ಮನಾದೆನಲ್ಲ, ಆಗ ಈ ಕೋಣೆಯಲ್ಲಿ ಎಷ್ಟು ಜನರ ಉಸಿರು ಕೇಳಿಸಿತು, ಅಷ್ಟು ಹೇಳಿ ಹೋಗು."