ಸೂರ್ಯನನ್ನು ತಿರುಗಿಸುವ ಊರು

ಬಹಳ ಹಿಂದೆ, ಯಾರ ಅಜ್ಜನಿಗೂ ನೆನಪಿಲ್ಲದಷ್ಟು ಹಿಂದೆ, ಬಡಗಲಹಟ್ಟಿ ಅಂತ ಒಂದು ಊರಿತ್ತಂತೆ. ವರ್ಷಕ್ಕೊಮ್ಮೆ ಸೂರ್ಯನನ್ನು ಹಿಂದಕ್ಕೆ ಕಳಿಸುವುದು ಆ ಊರಿನ ಕೆಲಸವಂತೆ.

ಸೂರ್ಯ ದಿನದಿನಕ್ಕೂ ಬಡಗಣಕ್ಕೆ ಸರಿಯುತ್ತಾ ಬರುತ್ತಾನೆ, ಹಗಲು ಉದ್ದವಾಗುತ್ತಾ ಹೋಗುತ್ತದೆ. ಎಲ್ಲಕ್ಕಿಂತ ಉದ್ದದ ಹಗಲು ಬಂದಾಗ ಊರಿಗೆ ಊರೇ ಬಡಗಣ ಗಡಿಗೆ ಹೋಗಿ, ರೊಟ್ಟಿ ಮಜ್ಜಿಗೆ ಎಡೆಯಿಟ್ಟು ನಿಲ್ಲುತ್ತಿತ್ತಂತೆ. ನಡುಮಧ್ಯಾಹ್ನ ಊರಿನ ಹಿರಿಯಳು ತಲೆಯೆತ್ತಿ, "ಸಾಕಪ್ಪಾ, ಇನ್ನ ತಿರುಗು. ತೆಂಕಣದ ಮಂದೀನೂ ಕಾಯಾಕತ್ತಾರ" ಅನ್ನುತ್ತಿದ್ದಳಂತೆ. ಸೂರ್ಯ ತಿರುಗುತ್ತಿದ್ದ. ಒಂದು ವರ್ಷವೂ ಮಾತು ಮೀರಿದವನಲ್ಲ. ಇಷ್ಟು ದೊಡ್ಡ ಉಪಕಾರಕ್ಕೆ ಲೋಕದ ಉಳಿದ ಊರುಗಳು ಒಂದು ಒಳ್ಳೆಯ ಮಾತೂ ಆಡಿರಲಿಲ್ಲ. ಬಡಗಲಹಟ್ಟಿಯವರು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಆ ನಾಡಿನ ರಾಜ ಕೋಟೆಗೆ ಕಂದಕ ತೋಡಿಸುತ್ತಿದ್ದನಂತೆ. ಬಿಟ್ಟಿ ಕೆಲಸಕ್ಕೆ ಅತಿ ಉದ್ದದ ಹಗಲಿಗಿಂತ ಒಳ್ಳೆಯ ದಿನ ಯಾವುದಿದೆ? ಅವತ್ತೇ ಎಲ್ಲರೂ ಗುದ್ದಲಿ ಹಿಡಿದು ಬರಬೇಕು, ಬಾರದವರು ಊರು ಬಿಡಬೇಕು ಅಂತ ಡಂಗುರ ಹೊಡೆಸಿದ. ಅವತ್ತು ಬಡಗಲಹಟ್ಟಿಯಿಂದ ಒಬ್ಬರೂ ಬರಲಿಲ್ಲ. ಸಿಟ್ಟಾದ ರಾಜ ಮಂತ್ರಿಯನ್ನು ಕರೆದುಕೊಂಡು ತಾನೇ ಗಡಿಗೆ ಬಂದ.

"ನೀವು ಹೇಳದಿದ್ದರೂ ಅವನು ತಿರುಗ್ತಾನೆ, ಮುದುಕಿ!"

"ಇದ್ದೀತು ದೊರೆ," ಅಂದಳಂತೆ ಊರಿನ ಹಿರಿಯಳು ಬಾಳವ್ವ. "ನಾವು ಒಂದು ಸಲಾನೂ ಹೇಳದ ಬಿಟ್ಟಿಲ್ಲ, ಹಂಗಾಗಿ ಗೊತ್ತಿಲ್ಲ. ಈ ಸಲ ಬಿಟ್ಟು ನೋಡೂಣು. ತಿರುಗಲಿಲ್ಲಂದ್ರ ಮಂದಿಗೆ ನೀವ ಜವಾಬು ಕೊಡ್ರಿ."

ರಾಜ ಮಂತ್ರಿಯ ಕಡೆ ತಿರುಗಿದ. "ತಿರುಗ್ತಾನೆ ತಾನೆ?"

"ಖಂಡಿತ, ಪ್ರಭು."

"ನಿನ್ನ ತಲೆ ಪಣಕ್ಕಿಡ್ತೀಯಾ?"

ಮಂತ್ರಿ ಸ್ವಲ್ಪ ಯೋಚಿಸಿ, "ಒಂದು ಮಾತು ಹೇಳಿಸಿಬಿಟ್ಟರೆ ನಷ್ಟವೇನಿಲ್ಲ, ಪ್ರಭು" ಅಂದನಂತೆ.

ಹೊತ್ತು ನೆತ್ತಿಗೆ ಬರುತ್ತಿತ್ತು. ಬಾಳವ್ವ ಕೈಬೀಸಿದಳು. ಊರವರೆಲ್ಲ ಜೊತೆಗೆ ತಂದಿದ್ದ ಗುದ್ದಲಿ ಹೆಗಲಿಗಿಟ್ಟು ಹೊರಟೇಬಿಟ್ಟರು.

"ಎಲ್ಲಿಗೆ?" ಅಂತ ಕೂಗಿದ ರಾಜ.

"ಕಂದಕಕ್ಕ. ನಿಮ್ಮದ ಅಪ್ಪಣಿ."

"ನಿಲ್ಲಿ! ಮೊದಲು ಅವನಿಗೆ ಹೇಳಿ!"

"ಬಿಟ್ಟಿ ಇದ್ದ ದಿನ ನನಗ ಬಾಯಿ ಬರಂಗಿಲ್ಲ ದೊರೆ."

ರಾಜ ಮೇಲೆ ನೋಡಿದ. ಬೆವರು ಒರೆಸಿಕೊಂಡ. "ಇವತ್ತು ಬಿಟ್ಟಿ ಇಲ್ಲ. ಯಾವ ವರ್ಷವೂ ಈ ದಿನ ಬಿಟ್ಟಿ ಇಲ್ಲ. ಬೇಗ ಹೇಳು, ತಾಯೀ!"

ಬಾಳವ್ವ ಹೇಳಿದಳು. ಸೂರ್ಯ ಕೇಳಿದ. ಮುಂದೆ ಹಗಲು ಎಳ್ಳಷ್ಟು ಎಳ್ಳಷ್ಟೇ ಗಿಡ್ಡವಾಗುತ್ತಾ ಹೋಯಿತಂತೆ.

ತನ್ನ ಅಪ್ಪಣೆಯಿಂದಲೇ ಸೂರ್ಯ ತಿರುಗಿದ ಅಂತ ರಾಜ ಆಸ್ಥಾನದಲ್ಲಿ ಹೇಳಿಕೊಂಡನಂತೆ. ಸುದ್ದಿ ಕೇಳಿದ ಬಾಳವ್ವ, "ಹೇಳಿಕೊಳ್ಳಲಿ ಬಿಡ್ರಿ. ಯಾರ ಮಾತು ಕೇಳಿದೆ ಅಂತ ಆ ಸೂರ್ಯಗ ಗೊತ್ತೈತಿ" ಅಂದಳಂತೆ.

ಅವರು ಅಲ್ಲಿ ಹೇಳುತ್ತಲೇ ಇದ್ದಾರೆ, ಅವನು ಅಲ್ಲಿಂದ ತಿರುಗುತ್ತಲೇ ಇದ್ದಾನೆ, ನಾವು ಇಲ್ಲಿ ತಣ್ಣಗಿದ್ದೇವೆ.