ಮಂಚಮ್ಮನ ಹಸುವಿಗೆ ನೆಲನೆಲ್ಲಿ

ಮಂಚಮ್ಮನಿಗೆ ಇದ್ದಿದ್ದು ಒಬ್ಬ ಮಗ, ಒಂದು ಹಸು. ಹಸುವಿಗೆ ಬುದ್ಧಿ ಇತ್ತು. ಮಗ ಚೆಲುವನಿಗೆ ಮೀಸೆ ಬಂದಿತ್ತು, ಅಷ್ಟೇ. ಹೇಳಿದ್ದು ಮಾಡ್ತಿದ್ದ ಕಣ್ರಪ್ಪ, ಹೇಳಿದಷ್ಟನ್ನೇ ಮಾಡ್ತಿದ್ದ.

ಒಂದ್ಸಲ ಹಸು ಕಪಿಲೆ ಮೇವು ಬಿಡ್ತು. ಎರಡು ದಿನ ಮೆಲುಕಿಲ್ಲ. ಮಂಚಮ್ಮನ ಜೀವ ಬಾಯಿಗೆ ಬಂತು. ಮದ್ದು ಗೊತ್ತು, ಆದರೆ ಮಂಡಿ ಊದಿ ಹೊಸಿಲು ದಾಟೋ ಹಾಗಿಲ್ಲ.

"ಮಗಾ, ನೆಲನೆಲ್ಲಿ ತಗೊಂಡು ಬಾ. ಕಡ್ಡಿಯ ಎರಡೂ ಕಡೆ ಸಣ್ಣ ಸಣ್ಣ ಎಲೆ ಇರ್ತವೆ."

ಚೆಲುವ ಹೋದ. ಬೆಟ್ಟದ ನೆಲ್ಲಿ ಮರ ಹತ್ತಿ ಒಂದು ಕೊಂಬೆ ಕಡಿದು ಎಳ್ಕೊಂಡು ಬಂದ.

"ಅಯ್ಯೋ ಪೆದ್ದೇ, ಇದು ನೆಲ್ಲಿ ಮರ. ನೆಲನೆಲ್ಲಿ ಬರೀ ಗೇಣುದ್ದದ ಗಿಡ. ಮಂಡಿಗಿಂತ ಎತ್ತರ ಇದ್ದರೆ ಮುಟ್ಟಬೇಡ."

"ಆಗಲಿ ಕಣವ್ವ."

ಚೆಲುವ ಹೋದ. ಸಣ್ಣ ಎಲೆ ನೋಡಿದ, ಮಂಡಿಗೆ ಅಳೆದ. ಪಕ್ಕದ ಮನೆ ಕೆಂಪಣ್ಣ ಮೊನ್ನೆ ನೆಟ್ಟಿದ್ದ ಹುಣಸೆ ಸಸಿ ಬೇರುಸಮೇತ ಬಂತು. ಹಿಂದೆಯೇ ಬೈಕೊಂಡು ಕೆಂಪಣ್ಣನೂ ಬಂದ.

ಅವನನ್ನ ಸಮಾಧಾನ ಮಾಡಿ ಕಳಿಸಿ ಮಂಚಮ್ಮ ಅಂದಳು, "ಕಿತ್ತುಬಿಡೋದಾ? ಎಲೆ ಮಗುಚಿ ನೋಡಬೇಕು ಕಣೋ. ಅಡಿಯಲ್ಲಿ ಸಾಸಿವೆಯಷ್ಟು ದಪ್ಪದ ಮಣಿ ಸಾಲಾಗಿ ಇದ್ದರೆ ತಾ."

"ಆಗಲಿ ಕಣವ್ವ."

ಚೆಲುವ ಹೋದ. ಊರಲ್ಲಿರೋ ಎಲೆಯೆಲ್ಲ ಮಗುಚಿದ. ಕೊನೆಗೆ ಅಂಗೈಗಿಂತ ಅಗಲದ ಹರಳೆಲೆ ತಂದು ಅವ್ವನ ಮಡಿಲಿಗಿಟ್ಟ. ಅಡಿಯಲ್ಲಿ ಮಣಿ ಇದ್ದವು, ಸಾಲಾಗೇ ಇದ್ದವು. ಮಂಚಮ್ಮ ನೋಡ್ತಿದ್ದ ಹಾಗೆ ಒಂದು ಮಣಿ ಒಡೆದು ಹುಳ ಹೊರಗೆ ಬಂತು.

ಅವಳಿಗೆ ಅಳುವೇ ಬಂತು. ಕೊಟ್ಟಿಗೆಯಲ್ಲಿ ಕಪಿಲೆ ಕಿವಿ ಜೋಲು ಬಿಟ್ಟಿತ್ತು. ಸೂರಲ್ಲಿ ಹೋದ ವರ್ಷ ಸಿಕ್ಕಿಸಿಟ್ಟ ನೆಲನೆಲ್ಲಿ ಕಡ್ಡಿ ಒಂದೇ ಒಂದು ಉಳಿದಿತ್ತು, ಒಣಗಿ ಕಂದಾಗಿತ್ತು, ಮದ್ದಿಗೆ ಬರೋ ಹಾಗಿರಲಿಲ್ಲ. ಕೋಲಿಂದ ಕೆಡವಿ ಅವನ ಕೈಗಿಟ್ಟಳು.

"ಮಂಡಿಗೆ ಅಳೀಬೇಡ, ಎಲೆ ಮಗುಚಬೇಡ. ಇದನ್ನ ಪಕ್ಕದಲ್ಲಿ ಹಿಡಿದು ನೋಡು. ಥೇಟ್ ಇದರ ಹಾಗೇ ಇರಬೇಕು."

ಚೆಲುವ ಹೋದವನು ಮಧ್ಯಾಹ್ನ ಕಳೆದರೂ ಬರಲಿಲ್ಲ. ಸಂಜೆ ಬಂದ, ತಲೆ ಮೇಲೆ ಮಂಕರಿ ತುಂಬ ಹಸಿರು ಸೊಪ್ಪು. ಮಂಕರಿಯನ್ನ ಕೊಟ್ಟಿಗೆ ಬಾಗಿಲಲ್ಲಿ ಇಳಿಸಿ, ಒಳಗೆ ಬಂದು ಆ ಒಣಕಡ್ಡೀನೇ ಚಾಚಿದ.

"ಗದ್ದೆ ಬದುವೆಲ್ಲ ಹುಡುಕಿದೆ ಕಣವ್ವ. ಇದರ ಹಾಗಿರೋದು ಇದೊಂದೇ ಸಿಕ್ಕಿದ್ದು."

"ಮಂಕರೀಲಿ ಇರೋದೇನೋ?"

"ಎಲೆಯೆಲ್ಲ ಇದೇ ತರ, ಮಣಿಯೂ ಇದಾವೆ. ಆದರೆ ಒಂದೂ ಒಣಗಿಲ್ಲ. ಮತ್ತೆ ಕಣ್ಣಿಗೆ ಬಿದ್ದು ಮೋಸ ಮಾಡಬಾರದು ಅಂತ ಎಲ್ಲ ಕಿತ್ಕೊಂಡು ಬಂದೆ. ತಿಪ್ಪೆಗೆ ಹಾಕ್ತೀನಿ."

ಅಷ್ಟರಲ್ಲಿ ಕೊಟ್ಟಿಗೆಯಿಂದ ಕರಕರ ಅಂತ ಸದ್ದು. ಕಪಿಲೆ ಮಂಕರಿಗೆ ಬಾಯಿ ಹಾಕಿತ್ತು. ಮಂಚಮ್ಮ ಮಂಡಿ ನೋವು ಮರೆತು ಹೊಸಿಲು ದಾಟಿದಳು. ಹಸು ತಿಂತಿದೆ, ಅವಳ ಕಣ್ಣಲ್ಲಿ ನೀರು.

ಅವಳಿಗಿಂತ ಮುಂಚೆ ಚೆಲುವ ಓಡಿದ್ದ. ಹಸುವಿನ ದವಡೆ ಅಗಲಿಸಿ, ಸೊಪ್ಪನ್ನ ಎಳೆದೆಳೆದು ಆಚೆ ಹಾಕ್ತಿದ್ದ.

"ಉಗಿ ಕಪಿಲೆ, ಅದಲ್ಲ ಮದ್ದು. ನಿಂದು ಇಲ್ಲಿದೆ," ಅಂತ ಆ ಒಣಕಡ್ಡೀನ ಅದರ ಬಾಯಿಗೆ ತುರುಕಿದ.